ಕಾಕಾ ಬಾಯಿ ಮುಚ್ಚಿಕೊಂಡ ಸೋಮವಾರ

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ದೇವದುರ್ಗದ ಸಣ್ಣದೊಂದು ಆಸ್ಪತ್ರೆಯಲ್ಲಿ ನಾನು ಆಪರೇಷನ್ ಕೋಣೆಯ ನರ್ಸ್. ರಾಯಚೂರು ಪೇಟೆಯ ಹುಡುಗಿ, ಬಾಯಿ ಸ್ವಲ್ಪ ಜೋರು. ಆ ವರ್ಷ ಕೆಮ್ಮು-ಜ್ವರ ಮನೆಮನೆಯನ್ನೂ ಮಲಗಿಸಿತ್ತು. ಮಾನ್ವಿಯಲ್ಲಿ ಆಪರೇಷನ್ ಮಾಡುವ ಡಾಕ್ಟರೇ ಹಾಸಿಗೆ ಹಿಡಿದಿದ್ದರು. ಸುತ್ತಲಿಗೆಲ್ಲ ಉಳಿದವರು ನಮ್ಮ ಡಾಕ್ಟರೊಬ್ಬರೇ. ಅವರಿಗೆ ಜ್ವರ ತಗಲದಂತೆ ಕಾಯುವುದು ನನ್ನ ಕೆಲಸವೆಂದು ನಾನೇ ತೀರ್ಮಾನಿಸಿಬಿಟ್ಟೆ, ಯಾರೂ ಹೇಳಿರಲಿಲ್ಲ.

ಕಾರಣವಿತ್ತು. ಜಾಲಹಳ್ಳಿಯ ಬಸುರಿಯೊಬ್ಬಳು ಬಂದು ಸೇರಿದ್ದಳು. ಮೊದಲ ಸಲ ಹೊಟ್ಟೆ ಕೊಯ್ದು ತೆಗೆದ ಕೂಸು ಉಳಿದಿರಲಿಲ್ಲ. ಈ ಸಲವೂ ಕೊಯ್ದೇ ತೆಗೆಯಬೇಕು, ಸೋಮವಾರ ಬೆಳಿಗ್ಗೆ ಎಂದು ಗೊತ್ತುಮಾಡಿದ್ದರು. ಡಾಕ್ಟರು ಮಲಗಿದರೆ ಅವಳನ್ನು ರಾಯಚೂರಿಗೆ ಕಳಿಸಬೇಕು. ಆ ರಸ್ತೆಯಲ್ಲಿ ಗಟ್ಟಿಮುಟ್ಟಾದವರಿಗೇ ಕರುಳು ಬಾಯಿಗೆ ಬರುತ್ತಿತ್ತು.

ಮಲ್ಮಲ್ ಬಟ್ಟೆ ತರಿಸಿ, ನಾಲ್ಕು ಪದರ ಮಾಡಿ ಮಾಸ್ಕು ಹೊಲಿದೆ. ಒದ್ದೆಯಾದರೆ ಬದಲಿಸಬೇಕು, ದಿನಾ ಕುದಿಸಬೇಕು. ಕೆಮ್ಮುವ ರೋಗಿಗಳನ್ನೆಲ್ಲ ಅಂಗಳದ ಬೇವಿನ ಮರದ ಕೆಳಗೆ ಕೂರಿಸಿದೆ. ಡಾಕ್ಟರು ಕನ್ನಡಕ ಮಂಜಾಗುತ್ತದೆಂದು ಮೂಗು ಹೊರಗೆ ಬಿಡುತ್ತಿದ್ದರು. "ಮೂಗು ಒಳಗ ಹಾಕ್ರಿ ಸಾಹೇಬ್ರ, ಮಾರಾಕ ಇಟ್ಟೀರೇನು?" ಅಂದೆ. ನಕ್ಕು ಒಳಗೆ ಹಾಕಿಕೊಂಡರು.

ತಲೆನೋವಾದವರು ನಮ್ಮ ಜವಾನ ಕಾಕಾ. ಮಸರಕಲ್ ಕಡೆಯ ಕುರಿಗಾರರ ಮನೆತನ, ನನ್ನಪ್ಪನ ವಯಸ್ಸು. ರೋಗಿಯನ್ನು ಎತ್ತುವುದು, ಬೆನ್ನಿಗೆ ಸೂಜಿ ಚುಚ್ಚುವಾಗ ಅಲುಗದಂತೆ ಹಿಡಿಯುವುದು ಅವರದೇ ಕೆಲಸ, ಅವರಿಲ್ಲದೆ ಆಪರೇಷನ್ನಿಲ್ಲ. ಮಾಸ್ಕು ಚೆಂದಾಗಿಯೇ ಕಟ್ಟಿಕೊಳ್ಳುತ್ತಿದ್ದರು. ಆದರೆ ಡಾಕ್ಟರು ಏನಾದರೂ ಕೇಳಿದರೆ ಸಾಕು, ಅದನ್ನು ಗದ್ದಕ್ಕಿಳಿಸಿ, ಮುಂದೆ ಬಾಗಿ, "ಹೂಂ ಸಾಹೇಬ್ರ" ಎಂದು ಅವರ ಮುಖಕ್ಕೇ ಉಸಿರು ಬಿಡುತ್ತಿದ್ದರು. ಗದರಿದೆ. ಪಾಪ, ನೊಂದುಕೊಂಡರು.

"ಯವ್ವಾ, ದೊಡ್ಡವ್ರ ಮುಂದ ಗಂಡ್ಸು ಬಾಯಿಗಿ ಅರಿವಿ ಕಟ್ಕೊಂಡು ಮಾತಾಡಿದ್ರ ಸೊಕ್ಕು ಅಂತಾರ. ಗೌಡ್ರು ಎದುರು ಬಂದ್ರ ನಮ್ಮಪ್ಪ ತಲಿ ರುಮಾಲಿನ ಚುಂಗು ಬಾಯಿಂದ ತಗದು ಮಾತಾಡ್ತಿದ್ದ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಒಳ್ಳೆಯ ಗುಣ, ಅದೇ ತಾಪತ್ರಯ. ಮಾಸ್ಕಿನ ಗಂಟು ಬಿಗಿದು ನೋಡಿದೆ, ಗಂಟು ಸಮೇತ ಎಳೆದು ಇಳಿಸಿದರು.

ಭಾನುವಾರ ಕಾಕಾನ ಹೆಂಡತಿಗೂ ಜ್ವರ ಬಂದ ಸುದ್ದಿ ಬಂತು. ಇನ್ನು ಅವರ ಉಸಿರನ್ನೂ ನಂಬುವಂತಿರಲಿಲ್ಲ. ಕಾಕಾನನ್ನು ವಾರ್ಡಿನ ಬಾಗಿಲಿಗೆ ಕರೆದೊಯ್ದು, ಬಸುರಿಯ ಮುಂದೆಯೇ ಎಲ್ಲವನ್ನೂ ಹೇಳಿ ಜಗಳ ತೆಗೆದೆ. ಅವಳು ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಕೇಳಿಸಿಕೊಂಡಳು.

"ಯಪ್ಪಾ, ನಾವು ಹೆಣ್ಮಕ್ಕಳು ದೊಡ್ಡವ್ರ ಮುಂದ ಹಿಂಗ ಬಾಯಿ ಮುಚ್ಕೊಂಡೇ ಮಾತಾಡ್ತೀವಿ. ನಮ್ಗ ಇದೇ ಮರ್ಯಾದಿ. ನಾಳಿ ಒಂದಿನ ನಮ್ಮಂಗ ಮಾಡ್ರಿ. ಈ ಕೂಸರ ಉಳೀಲಿ."

ಕಾಕಾ ತಲೆ ತಗ್ಗಿಸಿ ಹೊರಟುಹೋದರು.

ಸೋಮವಾರ ಕೂಸು ಹೊರಬಂತು. ಅಳಲಿಲ್ಲ. ಬೆನ್ನು ತಿಕ್ಕಿದೆ, ಅಂಗಾಲಿಗೆ ತಟ್ಟಿದೆ. ಆಮೇಲೆ ಅತ್ತಿತು ನೋಡಿ, ಕೋಣೆ ಹಾರಿಹೋಗುವ ಹಾಗೆ! ಡಾಕ್ಟರು ಹೊಲಿಗೆಯಿಂದ ತಲೆಯೆತ್ತದೆ ಕೇಳಿದರು: "ಎಷ್ಟು ಗಂಟಿ ಆತು ಕಾಕಾ?"

ಕಾಕಾನ ಕೈ ಮಾಸ್ಕಿಗೆ ಹೋಯಿತು. ನಾನು ಕಣ್ಣು ಕೆಕ್ಕರಿಸಿದೆ. ಆ ಕೈ ಗದ್ದದ ಹತ್ತಿರ ನಿಂತು, ಮಾಸ್ಕನ್ನು ಹಾಗೇ ಬಿಟ್ಟು ಕೆಳಗಿಳಿಯಿತು.

"ಒಂಬತ್ತೂವರಿ ಸಾಹೇಬ್ರ," ಬಟ್ಟೆಯೊಳಗಿಂದ ದನಿ ಬಂತು. "ತಪ್ಪು ತಿಳೀಬ್ಯಾಡ್ರಿ."

"ಇಲ್ಲ ಯಪ್ಪಾ," ಅಂದರು ಡಾಕ್ಟರು.

ಮರುದಿನ ಕಾಕಾನೇ ಜ್ವರದಿಂದ ಮಲಗಿದರು. ಆ ಕೈ ಮಾಸ್ಕನ್ನು ಇಳಿಸಿಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ನೆನೆಯುತ್ತಲೇ ಆ ದಿನದ ಮಾಸ್ಕುಗಳನ್ನು ಕುದಿಯಲು ಹಾಕಿದೆ. ಡಾಕ್ಟರಿಗೆ ಒಂದು ಕೆಮ್ಮೂ ಬರಲಿಲ್ಲ, ತಾಯಿ-ಮಗುವಿಗೂ ಇಲ್ಲ.

ಹೊಲಿಗೆ ಬಿಚ್ಚುವ ದಿನ ಕಾಕಾ ಸುಧಾರಿಸಿಕೊಂಡು ಬಂದರು, ಆದರೆ ವಾರ್ಡಿನ ಹೊಸ್ತಿಲು ದಾಟಲಿಲ್ಲ. ತಲೆಯ ರುಮಾಲಿನ ಇಳಿಬಿಟ್ಟ ಚುಂಗನ್ನು ಬಾಯಿಗೆ ಸುತ್ತಿಕೊಂಡು ಅಲ್ಲಿಂದಲೇ ಇಣುಕಿದರು. ಒಳಗೆ ಬಾಣಂತಿ ಸೆರಗು ಬಾಯಿಗೆ ಹಿಡಿದು, ಕೂಸನ್ನು ಎತ್ತಿ ತೋರಿಸಿದಳು.

"ಯಾರ ಮುಂದ ಬಾಯಿ ಮುಚ್ಕೊಂಡೀರಿ ಕಾಕಾ? ಸಾಹೇಬ್ರು ಇಲ್ಲಲ್ಲ," ಎಂದು ಕೆಣಕಿದೆ.

ಕಾಕಾ ಕೂಸಿನ ಕಡೆ ಕೈ ಮಾಡಿದರು. "ಇಕಾ, ಇವರ ಮುಂದ. ಇವರಕಿಂತ ದೊಡ್ಡವರು ಯಾರಿದ್ದಾರಬೇ ಇಲ್ಲಿ?"