ಗ್ಲೆನಿಸ್ ಬರೆಯದ ಉತ್ತರ

ಕ್ಯಾನ್‌ಬೆರಾದಲ್ಲಿ ಸೈನಿಕರ ಯೋಗಕ್ಷೇಮ ನೋಡುವ ಮಂತ್ರಿಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಗ್ಲೆನಿಸ್ ಪಾರ್ಗೆಟರಳದು. ಸೈನಿಕರ ಮನೆಗಳಿಂದ ಬರುವ ಕಾಗದಗಳಿಗೆ ಮಂತ್ರಿಯ ಹೆಸರಿನಲ್ಲಿ ಉತ್ತರ ಬರೆಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಏಳು ಮಂತ್ರಿಗಳು ಬಂದುಹೋದರು. ಉತ್ತರಗಳಲ್ಲಿನ ಮಾತು ಮಾತ್ರ ಅವಳದೇ.

ಒಂದು ದಿನ ಟೌನ್ಸ್‌ವಿಲ್‌ನಿಂದ ಸೈನಿಕನೊಬ್ಬನ ಹೆಂಡತಿ ಕೆರಿನ್‌ಳ ಕಾಗದ ಬಂತು. ಗಂಡನಿಗೆ ಡಾರ್ವಿನ್‌ಗೆ ವರ್ಗವಾಗಿತ್ತು, ಆರು ವರ್ಷಗಳಲ್ಲಿ ನಾಲ್ಕನೆಯದು. ಕಿವಿ ಕೇಳದ ಮಗಳು ಈಗಷ್ಟೇ ಒಬ್ಬ ಟೀಚರಿಂದ ಕೈಸನ್ನೆಯ ಮಾತು ಕಲಿತು, ಮೊದಲ ಸಲ ತಾಯಿಯೊಡನೆ ಜಗಳವಾಡಿದ್ದಳಂತೆ. 'ಆ ಜಗಳ ನನಗೆಷ್ಟು ಇಷ್ಟವಾಯಿತು ಗೊತ್ತೇ?' ಎಂದು ಬರೆದಿದ್ದಳು. ಮಗಳಿಗೆ ಆ ಟೀಚರ್ ತಪ್ಪಿಹೋಗದಂತೆ ವರ್ಗವನ್ನು ತಡೆಯಿರಿ ಎಂದು ಕೇಳಿಕೊಂಡಿದ್ದಳು.

ವರ್ಗಾವಣೆ ವಿಭಾಗದವರು 'ಸಾಧ್ಯವಿಲ್ಲ' ಎಂದು ಷರಾ ಬರೆದಿದ್ದರು. ಗ್ಲೆನಿಸ್ ಸಹಿಗೆ ಇಡುವ ಕಾಗದಗಳ ನಡುವೆ ಒಂದು ಖಾಲಿ ಹಾಳೆ ಇಟ್ಟಳು.

"ಏನ್ರೀ ಗ್ಲೆನಿಸ್, ಇದ್ರಲ್ಲಿ ಏನೂ ಇಲ್ವಲ್ಲ?" ಎಂದರು ಮಂತ್ರಿ ಡಗ್ಲಸ್ ಮೆರಿಕ್.

"ಆಗಲ್ಲ ಅಂತ ಬರೆಯೋಕೆ ನನ್ ಕೈಲಿ ಆಗ್ಲಿಲ್ಲ. ಈ ಸಲ ನೀವೇ ಬರೀರಿ," ಎಂದು ಅವಳು ಕೆರಿನ್‌ಳ ಕಾಗದವನ್ನು ಮುಂದಿಟ್ಟಳು.

ಅವರು ಎರಡು ಸಲ ಓದಿದರು. ಆ ಮಧ್ಯಾಹ್ನವೇ ಸೇನಾಧಿಕಾರಿಗಳ ಜೊತೆ ಮಾತಾಡಿ ವರ್ಗವನ್ನು ಎರಡು ವರ್ಷ ಮುಂದಕ್ಕೆ ಹಾಕಿಸಿದರು. ಕೆರಿನ್‌ಗೆ ತಾವೇ ಫೋನ್ ಮಾಡಿ ತಿಳಿಸಿದರು. ಆ ಕಡೆಯಿಂದ ಅಳುವಲ್ಲದೆ ಬೇರೇನೂ ಕೇಳಿಸಲಿಲ್ಲ. ಗಾಬರಿಯಾದ ಮಂತ್ರಿಗಳು ಫೋನನ್ನು ಗ್ಲೆನಿಸ್‌ಳ ಕೈಗೆ ತುರುಕಿದರು.

"ಅತ್ಬಿಡಮ್ಮ, ನಂಗೇನೂ ಅವಸರ ಇಲ್ಲ," ಎನ್ನುತ್ತ ಗ್ಲೆನಿಸ್ ಕುರ್ಚಿ ಎಳೆದುಕೊಂಡು ಕೂತಳು.