ಪೆಟ್ಟಿಗೆಗೆ ಹೊಲಿದ ಕುಂಚಿಗೆ

ನನ್ನ ಮೊಮ್ಮಗಳು ಈಗ ಬಾಗಿಲು ಹಿಡಿದು ನಿಲ್ಲುತ್ತಾಳೆ. ಚಪ್ಪಾಳೆ ತಟ್ಟಲು ಹೋಗಿ ಕೈಬಿಟ್ಟು ಧೊಪ್ಪನೆ ಕೂರುತ್ತಾಳೆ, ಕೂತು ನಗುತ್ತಾಳೆ. ಆಗೆಲ್ಲ ನನ್ನ ಎದೆಯಲ್ಲಿ ಹಾಲು ಉಕ್ಕಿದ ಹಾಗಾಗುತ್ತದೆ. ಮೂರನೇ ಇಯತ್ತೆ ಓದಿದವಳು ನಾನು, ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಆದರೆ ಅವಳು ಎರಡು ತಿಂಗಳ ಕೂಸಾಗಿದ್ದಾಗ ಇದೇ ಸಂತೋಷದ ಭರದಲ್ಲಿ ನಾನೊಂದು ಕೆಲಸ ಮಾಡಿದೆ. ನೆನೆದರೆ ಈಗಲೂ ಸೆರಗು ತಾನಾಗಿ ಮುಖಕ್ಕೆ ಹೋಗುತ್ತದೆ.

ಮಗಳ ಬಾಣಂತನಕ್ಕೆಂದು ಕೊಂಡಾಪುರಕ್ಕೆ ಬಂದಿದ್ದೆ. ಎಲ್ಲಿ ನೋಡಿದರೂ ಕಂಪ್ಯೂಟರ್ ಆಫೀಸುಗಳು ಏಳುತ್ತಿರುವ ಶಹರದ ಬಡಾವಣೆ. ಮಗಳು, ಅಳಿಯ ಇಬ್ಬರಿಗೂ ಮಾದಾಪುರದಲ್ಲಿ ನೌಕರಿ. ಮಗಳು ರಜೆಯ ಮೇಲಿದ್ದಳು. ಅಳಿಯಂದಿರು ಅಕ್ಕಿಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದರು. ಕೂಸು ಹುಟ್ಟಿದಾಗಿನಿಂದ ತೆಗೆದ ಫೋಟೊ, ವಿಡಿಯೊ ಎಲ್ಲ ಅದರ ಹೊಟ್ಟೆಯಲ್ಲಿ. ಮನೆಯ ಯಾವ ಫೋನಿನಲ್ಲಾದರೂ, ಟಿವಿಯಲ್ಲಾದರೂ ಹಚ್ಚಿ ನೋಡಬಹುದು. ಇಂಟರ್ನೆಟ್ ವೈರು ಮಲಗುವ ಕೋಣೆಗೆ ಬರುತ್ತಿದ್ದರಿಂದ ಪೆಟ್ಟಿಗೆ ತೊಟ್ಟಿಲ ಪಕ್ಕದ ಹಲಗೆಯ ಮೇಲೇ ಕೂತಿತ್ತು. ಅದರ ಬೆನ್ನಲ್ಲೊಂದು ಸಣ್ಣ ಫ್ಯಾನು. ದೂರದ ಹಿಟ್ಟಿನ ಗಿರಣಿಯ ಹಾಗೆ ಸದಾ ಗುಂಯ್ ಅನ್ನುವುದು. ಕೂಸು ಕಣ್ಣು ಮುಚ್ಚಿದೊಡನೆ ಬೆಚ್ಚಿ ಏಳುತ್ತಿತ್ತು.

“ಐತವಾರ ಬಿಚ್ಚಿ ನೋಡ್ತೀನ್ರಿ ಅತ್ತಿ,” ಅಂದರು ಅಳಿಯ.

ಐತವಾರದವರೆಗೆ ಯಾರು ಕಾಯಬೇಕು? ನಾನು ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದೆ. ತಲೆಗೆ ಟೊಪ್ಪಿಗೆ, ಅದರಿಂದ ಬೆನ್ನು ತುಂಬ ಇಳಿಬಿದ್ದ ಬಟ್ಟೆ. ನಮ್ಮ ಕಡೆ ಅಜ್ಜಿಯ ಸೀರೆಯಲ್ಲೇ ಅದನ್ನು ಹೊಲಿಯಬೇಕು. ನನ್ನ ಹಳೆಯ ಕೆಂಪು ಸೀರೆ, ಸುಲ್ತಾನ್ ಬಜಾರಿನಿಂದ ತರಿಸಿದ ಜರಿ ಅಂಚು. ಬಟ್ಟೆ ಉಳಿಯಿತು. ಪೆಟ್ಟಿಗೆಯನ್ನು ಗೇಣಿನಲ್ಲಿ ಅಳೆದು ಅದಕ್ಕೂ ಒಂದು ಹೊಲಿದುಬಿಟ್ಟೆ, ಎರಡು ಪದರ ಹಾಕಿ. ಕುಂಚಿಗೆ ಅಂದಮೇಲೆ ಬೆನ್ನು ಮುಚ್ಚಬೇಕಲ್ಲ, ಮುಚ್ಚಿತು. ಜೊತೆಗೆ ಫ್ಯಾನಿನ ಬಾಯಿಯೂ ಮುಚ್ಚಿತು. ಅದು ನನಗೆ ಹೊಳೆಯಲಿಲ್ಲ.

ಬುಧವಾರ ಮಧ್ಯಾಹ್ನ ಮಗಳು ಹೊರಗಿನ ಕೋಣೆಯಲ್ಲಿ ಮಲಗಿದ್ದಾಗ ತೊಡಿಸಿದೆ. ಸದ್ದು ತಗ್ಗಿತು. ಸ್ವಲ್ಪ ಹೊತ್ತಿಗೆ ಗಿರಣಿ ಮನೆ ಬಾಗಿಲಿಗೇ ಬಂದಂತೆ ಜೋರಾಯಿತು. ಆಮೇಲೆ ನಿಂತೇ ಹೋಯಿತು. ‘ಪಾಪ, ಅದೂ ಮಲಗಿತು’ ಅಂದುಕೊಂಡೆ. ಕೂಸು ಗಾಢ ನಿದ್ದೆಯಲ್ಲಿತ್ತು. ನನಗೆ ಕುಣಿಯಬೇಕೆನ್ನುವಷ್ಟು ಹಿಗ್ಗು! ಪ್ರೀತಿಯಿಂದ ಪೆಟ್ಟಿಗೆಯ ನೆತ್ತಿಯ ಮೇಲೆ ಕೈಯಿಟ್ಟೆ. ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ಗಡಬಡಿಸಿ ಕುಂಚಿಗೆ ಕಿತ್ತು ನನ್ನ ಟ್ರಂಕಿನ ತಳಕ್ಕೆ ತುರುಕಿದೆ.

ಸಂಜೆ ಅಳಿಯ ಬಂದು ಗುಂಡಿ ಒತ್ತಿದರು. ಪೆಟ್ಟಿಗೆ ಕುಂಯ್ ಕುಂಯ್ ಅಂದು ಮತ್ತೆ ಬಂದ್ ಆಯಿತು. ಕೂಸಿನ ಫೋಟೊ ಎಲ್ಲ ಹೋದವೆಂದು ಮಗಳು ಅಳತೊಡಗಿದಳು.

“ವೈರ್ ಯಾರು ಜಗ್ಗಿದ್ರಿ?” ಅಂದರು ಅಳಿಯ.

ಆ ಕೋಣೆಯ ನೆಲ ದಿನಾ ಒರೆಸುವವಳು ಮನೆಗೆಲಸದ ಹೆಣ್ಣುಮಗಳು; ಆಗಲೂ ಒರೆಸುತ್ತಿದ್ದಳು. ಯಾದಗಿರಿ ಕಡೆಯವಳು, ಗಂಡ ಕಟ್ಟಡದ ಕೂಲಿ. ದಿನಾ ನನ್ನ ಜೊತೆ ಕೂತು ಕೂಸಿಗೆ ಎಣ್ಣೆ ಹಚ್ಚಿ ನೀರು ಎರೆಯುತ್ತಿದ್ದವಳು ಅವಳೇ.

“ನಾ ಮುಟ್ಟಿಲ್ರಿ ಅಣ್ಣಾರ.”

“ಮತ್ತ ತಾನ ಸತ್ತಿತೇನು?”

ಮಗಳು ಕಣ್ಣೊರೆಸಿಕೊಂಡಳು. “ನಾಳಿಯಿಂದ ಈ ಖೋಲಿಯೊಳಗ ಬರಬ್ಯಾಡ. ಕೂಸಿಗೆ ನಾವ ಎರಕೊಂತೀವಿ.”

ನಾನು ಕೂಸಿನ ಲಂಗೋಟಿ ಮಡಚುತ್ತಿದ್ದೆ. ಒಂದೇ ಲಂಗೋಟಿಯನ್ನು ಮೂರು ಸಲ ಬಿಚ್ಚಿ ಮಡಚಿದೆ. ಬಾಯಿ ಬಿಡಲಿಲ್ಲ. ಬಿಟ್ಟರೆ ಅಳಿಯ ಊರಿಗೆ ಕಳಿಸಿಬಿಟ್ಟಾರು, ಕೂಸು ನನ್ನ ಕೈ ತಪ್ಪೀತು ಅನ್ನುವ ಹೆದರಿಕೆ.

ಮರುದಿನದಿಂದ ಅವಳು ಕೋಣೆಯ ಹೊಸ್ತಿಲಾಚೆ ಕಸಬರಿಗೆ ಹಿಡಿದು ನಿಂತು ಕೂಸನ್ನು ನೋಡುತ್ತಿದ್ದಳು. ಒಮ್ಮೆ ಮೆಲ್ಲಗೆ ಕೇಳಿದಳು. “ಅಮ್ಮಾರ, ನೀವು ಅಲ್ಲೇ ಇದ್ರೆಲ್ರಿ. ನಾ ಮುಟ್ಟಿಲ್ಲಂತ ನಿಮಗಾರ ಗೊತ್ತಲ್ರಿ?”

“ಹ್ಞೂಂ,” ಅಂದೆ. ಅಷ್ಟೇ. ಆ ‘ಹ್ಞೂಂ’ ನನಗಿನ್ನೂ ಜೀರ್ಣವಾಗಿಲ್ಲ.

ಐತವಾರ ಅಳಿಯ ಪೆಟ್ಟಿಗೆಯ ಬೆನ್ನು ಬಿಚ್ಚಿದರು. ಫ್ಯಾನಿನ ರೆಕ್ಕೆಗೆ ಕೆಂಪು ಎಳೆ ಸುತ್ತಿ ಬಿಗಿದಿತ್ತು. “ನೋಡ್ರಿ ಅತ್ತಿ, ಒರಸೋ ಅರಿವಿ ದಾರ. ಸುಳ್ಳು ಹೇಳ್ಯಾಳ. ಬ್ಯಾರೆದಾಕಿನ್ನ ನೋಡೋಣು.”

ಅದು ನನ್ನ ಸೀರೆಯ ಎಳೆ. ಇನ್ನು ಸುಮ್ಮನಿದ್ದರೆ ಒಬ್ಬಳ ಅನ್ನ ಹೋಗುತ್ತದೆ. ಎದ್ದು ಹೋಗಿ ಟ್ರಂಕಿನಿಂದ ಕುಂಚಿಗೆ ತಂದು ಅವರ ಮುಂದಿಟ್ಟೆ. “ಆಕಿದಲ್ಲರಿ. ನಂದು.”

ಅಳಿಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಜರಿ ಬ್ಯಾರೆ ಹಚ್ಚೀರಿ! ಹೇಳಿದ್ರ ಬೆನ್ನಿಗೊಂದು ತೂತು ಬಿಡ್ರಿ ಅಂತಿದ್ನಲ್ಲರಿ,” ಎಂದು ನಕ್ಕೇಬಿಟ್ಟರು.

ಮಗಳು ನಗಲಿಲ್ಲ. “ನಾಕ್ ದಿನ ಆಕಿನ್ನ ಹೊರಗ ನಿಲ್ಸಿದೆ. ನೀ ನೋಡ್ಕೋತ ಕುಂತಿದ್ದೆಲ್ಲವ್ವಾ.”

ಅಳಿಯ ಎಳೆ ಬಿಡಿಸಿ, ಬ್ರಷ್ಷಿನಿಂದ ಧೂಳು ತೆಗೆದು, ಕಂಪ್ಯೂಟರಿನಲ್ಲಿ ಏನೋ ಒತ್ತಿ ಫ್ಯಾನಿನ ವೇಗ ತಗ್ಗಿಸಿದರು. ಕಾವು ಏರಿದರೆ ಪೆಟ್ಟಿಗೆ ತಾನೇ ಬಂದ್ ಆಗುತ್ತದಂತೆ; ಫೋಟೊ ಎಲ್ಲ ಇದ್ದವು. ಗುಂಯ್ ಇನ್ನೂ ಇತ್ತು. ಹಲಗೆಯ ಮೇಲೆ ಕೈಯಿಟ್ಟೆ, ನಡುಗುತ್ತಿತ್ತು. ಊರಲ್ಲಿ ಹೊಲಿಗೆ ಮಷೀನಿನ ಕಾಲಿಗೆ ಟಾಯರಿನ ತುಂಡು ಇಟ್ಟು ಸದ್ದು ಅಡಗಿಸಿದವಳು ನಾನು! ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ನಾಲ್ಕು ತುಂಡು ಪೆಟ್ಟಿಗೆಯ ಕೆಳಗಿಟ್ಟೆವು, ಗೋಡೆಯಿಂದ ಒಂದು ಗೇಣು ಈಚೆ ಸರಿಸಿದೆವು. ಸದ್ದು ಕೂಸಿನ ಉಸಿರಿನಷ್ಟಾಯಿತು. ಗೊತ್ತಿದ್ದುದನ್ನು ಮೊದಲ ದಿನವೇ ಮಾಡಿದ್ದರೆ?

ಸೋಮವಾರ ಅವಳು ಬಂದೊಡನೆ ನಾನೇ ಕೋಣೆಯ ಬಾಗಿಲಿಗೆ ಹೋಗಿ ಎಲ್ಲ ಹೇಳಿದೆ. ಮೊದಲು ಅವಳ ಕಣ್ಣು ತುಂಬಿತು. ಆಮೇಲೆ, “ಪೆಟ್ಟಿಗಿಗೂ ಕುಂಚಿಗೀ ಏನ್ರಿ ಅಮ್ಮಾರ? ಕಾಡಿಗಿ ಹಚ್ಚಲಿಲ್ಲ?” ಅಂದಳು.

“ಒಳಗ ಬಾರವ್ವ,” ಅಂದೆ.

ಅವಳು ಹೊಸ್ತಿಲು ದಾಟಲಿಲ್ಲ. “ಅಕ್ಕಾರು ಬ್ಯಾಡ ಅಂದಾರ್ರಿ. ಅವರ ಹೇಳ್ಲಿ.”

ಮಗಳು ಕೂಸನ್ನೆತ್ತಿಕೊಂಡು ಬಂದು ಅವಳ ಮುಂದೆ ನಿಂತಳು. “ತಪ್ಪಾತು. ಎಣ್ಣಿ ಕಾಸೀನಿ, ಬಾ,” ಅಂದು ಕೂಸನ್ನು ಅವಳ ಕೈಗಿಟ್ಟಳು. ಅವಳು ಬಲಗಾಲಿಟ್ಟು ಒಳಗೆ ಬಂದಳು. ಎಣ್ಣೆಯ ಬಟ್ಟಲು ಹಿಡಿದು ನಾನು ಹಿಂದೆ ಹಿಂದೆ ಹೋದೆ.