ಯಾರ ಬಗ್ಗೆ ಪಾಠ?

ಸ್ನೇಹಿತರೇ, ಬಸವೇಶ್ವರನಗರದ ನಮ್ಮ ಶಾಲೆಯಲ್ಲಿ ಇವತ್ತು ಹತ್ತನೇ ತರಗತಿಗೆ ಜರ್ಮನಿಯ ಸರ್ವಾಧಿಕಾರಿಯ ಪಾಠ ಮಾಡಿದೆ. ಸಂಜೆ ಗೇಟಿನ ಬಳಿ ವಿದ್ಯಾರ್ಥಿನಿಯೊಬ್ಬಳ ತಂದೆ ನನ್ನ ಸ್ಕೂಟರಿಗೆ ಅಡ್ಡ ನಿಂತರು.

"ಮೇಡಂ, ಇವತ್ತು ಕ್ಲಾಸಲ್ಲಿ ಯಾರ್ ಬಗ್ಗೆ ಹೇಳಿದ್ರಿ?"

"ಜರ್ಮನಿಯವನ ಬಗ್ಗೆ ಸಾರ್. ಪುಸ್ತಕದಲ್ಲೇ ಇದೆ."

"ಅದು ಗೊತ್ತು. ನಿಜವಾಗ್ಲೂ ಯಾರ್ ಬಗ್ಗೆ?"

"ಅವನ ಬಗ್ಗೆನೇ ಸಾರ್," ಎಂದೆ.

ಅವರು ನಕ್ಕು ದಾರಿ ಬಿಟ್ಟರು. "ಹುಷಾರಾಗಿ ಹೋಗಿ ಮೇಡಂ. ನಿಮ್ಮನೆ ಕಾಮಾಕ್ಷಿಪಾಳ್ಯದಲ್ಲಿ ಅಲ್ವಾ?"

ನನ್ನ ಮನೆ ಎಲ್ಲಿದೆಯೆಂದು ನಾನು ಅವರಿಗೆ ಯಾವತ್ತೂ ಹೇಳಿಲ್ಲ. ಸುತ್ತು ದಾರಿಯಲ್ಲಿ ಬಂದು, ಬೆಳಕಿರುವಾಗಲೇ ಬಾಗಿಲಿಗೆ ಚಿಲಕ ಹಾಕಿಕೊಂಡೆ.

ನಾಳೆ ಇತಿಹಾಸ ಬೇಡ, ಮಣ್ಣಿನ ವಿಧಗಳ ಪಾಠ ಮಾಡುತ್ತೇನೆ. ಅದರಲ್ಲೂ ಕೆಂಪು ಮಣ್ಣನ್ನು ಬಿಟ್ಟುಬಿಡುತ್ತೇನೆ. ಸುಮ್ಮನೆ ಯಾಕೆ ರಗಳೆ!